ಒಂದೂವರೆ ಅಡಿ

ಥೀಮ್ ಏನ್ರಿ, ಅಂತ ಕೇಳುವುದು ನನ್ನ ಕೆಲಸ.
ಬಾಗಲಕೋಟೆ ನವನಗರದಲ್ಲಿ, ಹಿಟ್ಟಿನ ಗಿರಣಿಯ ಮೇಲೆ
ನಮ್ಮ ಕಂಪನಿ. ಬೋರ್ಡಿಗೆ ‘ಹಣ್ಣುಕಾಯಿ’ ಅಂತ ಹೆಸರಿಟ್ಟ ತಪ್ಪಿಗೆ
ತೆಂಗಿನಕಾಯಿ ಕೇಳಿ ಮೆಟ್ಟಿಲು ಹತ್ತಿದವರೂ ಇದ್ದಾರೆ.

ಮುಧೋಳದ ಮದುವೆಗೊಂದು ಹಾವು ಏಣಿ ಮಾಡಿದೆವು.
ಹಾವಿನ ಬಾಯಲ್ಲಿ ಬೀಗರ ಫೋಟೋ ಬೇಡವೆಂದು
ನಡುರಾತ್ರಿ ಫೋನು.
ಸಿಮೆಂಟ್ ಕಾರ್ಖಾನೆಗೆ ಹೆಲ್ಮೆಟ್ಟಿನ ಆಟ,
ಹಲ್ಲಿನ ಡಾಕ್ಟರಿಗೆ ಮೂವತ್ತೆರಡು ಮನೆಯ ಆಟ,
ಗುಳೇದಗುಡ್ಡದ ಸಾಹುಕಾರರಿಗೆ
ಅಂಚಿಗೆಲ್ಲ ಖಣ ಹಚ್ಚಿದ ಪಗಡೆ ಹಾಸು.
ಚೌಕಕ್ಕೆ ಮನೆ ಅನ್ನುವ ಜನ ನಾವು.
ಈ ಲೇಸರಿನಲ್ಲಿ ಎಷ್ಟು ಸಾವಿರ ಮನೆ ಕೊರೆದಿದ್ದೇನೋ,
ಒಂದಕ್ಕೂ ಬಾಗಿಲಿರಲಿಲ್ಲ.

ಯಮನಪ್ಪ ಕೆರೂರ ಬಂದದ್ದು ಕರೆಂಟಿಲ್ಲದ ಹೊತ್ತಿನಲ್ಲಿ.
ಕೈಚೀಲದಿಂದ ತೆಗೆದದ್ದು ಸರ್ವೇ ಪುಸ್ತಕ,
ರಟ್ಟು ಬಿಸಿರೊಟ್ಟಿಯಷ್ಟು ಮೆತ್ತಗೆ.
ಥೀಮ್ ಏನ್ರಿ ಅಜ್ಜಾ?
“ಓಣಿ” ಅಂದ.
ಯಾವ ಓಣಿ?
ಕಿಟಕಿಯಾಚೆ, ಹಿನ್ನೀರಿನ ದಿಕ್ಕಿಗೆ ಗದ್ದ ಎತ್ತಿದ.

ನಾನು ಹುಟ್ಟಿದ್ದು ಸೆಕ್ಟರಿನಲ್ಲಿ.
ಮುಳುಗಡೆ ಅಂದರೆ ನನಗೆ ಒಂದು ಆಫೀಸು,
ಅಪ್ಪ ಫೈಲು ಹಿಡಿದು ನಿಂತ ಪಾಳಿ, ಅಷ್ಟೇ.

“ನಲವತ್ತೆರಡು ಮನಿ. ಬಾಗಲಾ ಬಾಗಲಕ್ಕ
ಕೆಂಪು ಬಣ್ಣದಾಗ ನಂಬರ್ ಬರದಾಂವ ನಾನ.
ಟೇಪ ಹಿಡದಾಂವ ನಾನ.
ಹದಿನೇಳು ನನ್ನ ಮನಿ.
ನಂಬರ್ ಹಾಕಿಸಿಕೊಂಡ ಮಂದೀನ ಚಾ ಕೊಟ್ರು,
ಬ್ರಶ್ ತೊಳ್ಯಾಕ ನೀರು ಕೊಟ್ರು.”

ಉಳಿದವರೆಲ್ಲ ವರ್ಷಕ್ಕೊಮ್ಮೆ ಸೇರುತ್ತಾರಂತೆ.
ಊಟಕ್ಕೆ ಮೊದಲೇ ಮಾತು ತೀರಿಹೋಗುತ್ತದಂತೆ.
ಅದಕ್ಕೇ ಒಂದು ಆಟ ಬೇಕು.

ಇತ್ತ ಇಪ್ಪತ್ತೊಂದು, ಅತ್ತ ಇಪ್ಪತ್ತೊಂದು, ನಡುವೆ ದಾರಿ,
ಅಡಿಗೊಂದು ಮಿಲಿಮೀಟರು.
ನಿಯಮವನ್ನೂ ಬರೆದೆ: ಒಂದು ಗರ ಬಿದ್ದರೆ
ನೀರು ಒಂದು ಮನೆ ಏರುವುದು.
ಶೈಲಕ್ಕ ಭೇಷ್ ಅಂದಿದ್ದಳು,
ನೀಲಿ ಅಕ್ರಿಲಿಕ್ ಹುಬ್ಬಳ್ಳಿಯಿಂದ ಬಂದೂ ಆಗಿತ್ತು.
ಯಮನಪ್ಪ ಓದಿ, ಕನ್ನಡಕ ತೆಗೆದ.
“ನೀರು ಗರ ಹಾಕಿ ಬರಲಿಲ್ಲವ್ವಾ.
ತಾರೀಖ ಹೇಳಿ ಬಂತು.”
ಪೆನ್ಸಿಲಿನಿಂದ ಅದೊಂದು ಸಾಲು ಹೊಡೆದುಹಾಕಿದ.

ಆಮೇಲೆ, ಎದ್ದು ನಿಂತವನು, ಮತ್ತೆ ಕೂತ.
“ಹದಿನೆಂಟನೇ ಮನಿ ಒಂದೂವರಿ ಅಡಿ ಹೆಚ್ಚು ಮಾಡು.
ಹುಸೇನಬೀದು.
ಪುಸ್ತಕದಾಗ ಇದ್ದಂಗ ಬ್ಯಾಡ.”
ಹಲಗೆ ಸಾಲುವುದಿಲ್ಲ ಅಜ್ಜಾ, ಅಂದೆ.
“ಹದಿನೇಳರಾಗ ಕಡಿ.”

ಪುಟ ತಿರುವಿದೆ.
ಹದಿನೇಳು, ಹದಿನೆಂಟು, ನಡುವೆ ಒಂದೇ ಗೋಡೆ.
ಎರಡೂ ಅಂಕಿಯ ಮೇಲೆ ಬೇರೆ ಶಾಯಿ.
ಏನೋ ಕೇಳಬೇಕೆಂದವಳು ಬೇರೇನೋ ಕೇಳಿದೆ:
ಒಂದೂವರೆ ಮಿಲಿಮೀಟರು, ಕಣ್ಣಿಗೆ ಕಾಣುತ್ತದೇನು?
“ಆಕಿ ಕಣ್ಣು ಹೋಗಿ ಆರು ವರ್ಷಾತು.
ಬಟ್ಟಿಲೆ ಆಡತಾಳ.”

ಕರೆಂಟು ಬಂತು.
ಗೋಡೆಯನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ಸರಿಸಿದೆ.
ಅಷ್ಟು ಹಗುರ.
ಕೊರೆಯುವಾಗ ಕೋಣೆ ತುಂಬ ಸುಟ್ಟ ಕಟ್ಟಿಗೆಯ ವಾಸನೆ,
ಕೆಳಗಿನಿಂದ ಜೋಳದ ಹಿಟ್ಟಿನ ಘಮ.
ಬಿಲ್ಲಿಗೆ ರಿಯಾಯಿತಿ ಕೇಳಲಿಲ್ಲ ಮುದುಕ,
ಕವಡೆ ಮಾತ್ರ ಮನೆಯಿಂದಲೇ ತರುವೆನೆಂದ.

ಹದಿನೈದು ದಿನಕ್ಕೆ ಫೋನು.
ಯಾರೋ ಹಿಡಿದು ಕೊಟ್ಟ ಫೋನು, ದೂರದ ದನಿ.
“ಹಲಗಿ ಮಾಡಿದಾಕಿ ನೀನ ಏನ ಬೇಟಿ?
ಬಟ್ಟಿಟ್ಟು ನೋಡೀನಿ. ಛಲೋ ಕಡದೀ.
ಆದರ ಒಂದೂವರಿ ಅಲ್ಲ ಅದು, ಎರಡು.
ಅವತ್ತs ಮೊಳ ಹಾಕಿ ಎಣಿಸೀನಿ ನಾ.”
ತಿದ್ದಿ ಕೊಡಲೇನ್ರಿ, ಅಂದೆ.
“ಬ್ಯಾಡ ಬಿಡು.
ಉಳದ ಅರ್ಧ ಅಡಿಗೆ
ಅವನ ಕಾಯಿ ಎರಡ ಸಲ ಕಡದೀನಿ.
ಹಣ್ಣಾಗಾಕ ಇನ್ನೊಂದs ಮನಿ ಇತ್ತು ಅವಂಗ.”
ನಕ್ಕಳು, ಕೆಮ್ಮಿದಳು,
ಯಾರದೋ ಪಾಳಿ ಬಂತೆಂದು ಫೋನು ಇಟ್ಟಳು.